ತಪ್ಪು ಮಾಡಿದ ವಿಶ್ವಾಸಿಗೆ ಪರಲೋಕ ಉಂಟೇ? ಮನೆಕೂಟದಲ್ಲಿ ಈ ಪ್ರಶ್ನೆ ನಡೆಸುವ ಬಗೆ

“ಅಂವಾ ಇಷ್ಟೆಲ್ಲಾ ಮಾಡ್ಯಾನ. ಆದ್ರ ದೀಕ್ಷಾಸ್ನಾನ ಆಗೇದ, ರವಿವಾರ ತಪ್ಪದ ದೇವಾಲಯಕ್ಕ ಬರ್ತಾನ. ಪರಲೋಕಕ್ಕ ಹೋಗ್ತಾನೋ ಇಲ್ಲೋ ಹೇಳ್ರಿ.” ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಯಾವ ಪ್ರಾರ್ಥನಾ ಕೂಟದಲ್ಲಾದರೂ ಒಂದಲ್ಲ ಒಂದು ದಿನ ಈ ಮಾತು ಏಳುತ್ತದೆ. ಕೂಟ ನಡೆಸುವವರು ಹೌದು ಅಂದರೆ ಮೋಸಕ್ಕೆ ಪರವಾನಗಿ ಕೊಟ್ಟ ಹಾಗೆ. ಇಲ್ಲ ಅಂದರೆ ಕೃಪೆಯ ಸುವಾರ್ತೆಯನ್ನೇ ತಳ್ಳಿಹಾಕಿದ ಹಾಗೆ. ಬಹುತೇಕರು ನಡುವೆ ಸಿಕ್ಕಿಕೊಂಡು, “ಅದು ದೇವರಿಗೇ ಬಿಟ್ಟದ್ದು” ಎಂದು ಹೇಳಿ ಹಾಡಿನ ಪುಸ್ತಕ ತೆರೆಯುತ್ತಾರೆ. ಆ ಮಾತು ಸುಳ್ಳಲ್ಲ, ಆದರೆ ಕೇಳಿದವರು ಮನೆಗೆ ಬರಿಗೈಯಲ್ಲಿ ಹೋಗುತ್ತಾರೆ. ಸತ್ಯವೇದ ಮೂರನೆಯವನ ಬಗ್ಗೆ ತೀರ್ಪು ಕೊಡುವುದಕ್ಕಿಂತ, ತಪ್ಪು ಮಾಡಿದವನು ತಿರುಗಿ ಬರುವ ದಾರಿಯನ್ನು ಬಹಳ ಸ್ಪಷ್ಟವಾಗಿ ಹೇಳುತ್ತದೆ. ಆ ದಾರಿಯಲ್ಲಿ ನಮ್ಮ ಸಭೆಗಳು ಸಲೀಸಾಗಿ ಜಿಗಿದು ಹೋಗುವ ಒಂದು ಮೆಟ್ಟಿಲಿದೆ: ತೆಗೆದುಕೊಂಡದ್ದನ್ನು ವಾಪಸು ಕೊಡುವುದು. ಹಿರಿಯರು, ಸಂಡೇ ಸ್ಕೂಲ್ ಶಿಕ್ಷಕರು, ಕೂಟದ ಮುಖಂಡರು ಒಂದು ಸಂಜೆಯಲ್ಲಿ ಈ ಅಧ್ಯಯನ ನಡೆಸುವ ಕ್ರಮ, ಅದರ ಬೆನ್ನಿಗೆ ಬರುವ ಕೆಲಸದ ಕ್ರಮ ಇಲ್ಲಿದೆ.

ಕೇಳುವವರು ಯಾರು?

ಉತ್ತರಕ್ಕೆ ಬಾಯಿ ತೆರೆಯುವ ಮುಂಚೆ ಇದನ್ನು ತಿಳಿದುಕೊಳ್ಳಿ. ಕೆಲವರಿಗೆ ಬೇರೆಯವನ ಮೇಲೆ ತೀರ್ಪು ಬೇಕಾಗಿರುತ್ತದೆ. ಅಂಥವರಿಗೆ ಲೂಕ 18:9–14ರ ಫರಿಸಾಯ ಮತ್ತು ಸುಂಕದವನ ಕಥೆ ಓದಿಸಿದರೆ ಸಾಕು, ಉಳಿದದ್ದು ಅವರಿಗೇ ಹೊಳೆಯುತ್ತದೆ. ಇನ್ನು ಕೆಲವರು “ನಮ್ಮ ಗೆಳೆಯ ಒಬ್ಬಂವ ಅದಾನ್ರೀ” ಎಂದು ಶುರುಮಾಡಿ ತಮ್ಮದೇ ತಪ್ಪನ್ನು ಕೇಳುತ್ತಿರುತ್ತಾರೆ. ಅವರ ಗೆಳೆಯನ ಹೆಸರು ಕೇಳಬೇಡಿ. ಕೂಟ ಮುಗಿದ ಮೇಲೆ ಚಪ್ಪಲಿ ಮೆಟ್ಟುವ ಹೊತ್ತಿನಲ್ಲಿ, “ಆ ನಿಮ್ಮ ಗೆಳೆಯಾ ಬೇಕಾದ್ರ ನಮ್ಮ ಕೂಡ ಮಾತಾಡ್ಲಿ” ಎಂದಷ್ಟೇ ಹೇಳಿ.

ಮೂರನೆಯವರು ಆ ತಪ್ಪಿನಿಂದ ಪೆಟ್ಟು ತಿಂದವರು: ಚೀಟಿ ದುಡ್ಡು ಕಳಕೊಂಡ ವಿಧವೆ, ಕುಡುಕ ಗಂಡನ ಹೊಡೆತ ತಿಂದ ಹೆಂಡತಿ, ಅಣ್ಣ ತಮ್ಮನ ಪಾಲು ನುಂಗಿದ ಮನೆಯ ತಮ್ಮ. ಇವರಿಗೆ ಮೊದಲ ಮಾತಿಗೇ ಕೃಪೆ, ಕ್ಷಮೆ ಎಂದು ಬೋಧಿಸುವುದು ಈ ವಿಷಯದಲ್ಲಿ ಆಗುವ ಅತಿ ದೊಡ್ಡ ಅನ್ಯಾಯ. ಅವರು ಕೇಳುತ್ತಿರುವುದು ಪರಲೋಕದ ಭೂಗೋಳವನ್ನಲ್ಲ. ನನಗಾದದ್ದನ್ನು ದೇವರು ಕಂಡಿದ್ದಾನೆಯೇ ಎಂದು ಕೇಳುತ್ತಿದ್ದಾರೆ. ಕೀರ್ತನೆ 10 ಓದಿ, ಲೂಕ 18:1–8ರಲ್ಲಿ ನ್ಯಾಯಾಧಿಪತಿಯ ಬಾಗಿಲು ಬಿಡದ ವಿಧವೆಯ ಸಾಮ್ಯ ಓದಿ, ಅಲ್ಲಿಗೆ ನಿಲ್ಲಿಸಿ.

ನಾಲ್ಕನೆಯವರು ನೆರೆಮನೆಯವರು, ಆಫೀಸಿನವರು. ಆಚಾರವೇ ಸ್ವರ್ಗ ಎಂಬ ಮಾತು ಕೇಳುತ್ತ ಬೆಳೆದ ಈ ನೆಲದ ಜನ, “ಬದುಕೆಲ್ಲಾ ಮಂದಿಗೆ ಟೋಪಿ ಹಾಕಿ ಕಡೀಕ ಒಂದು ಪ್ರಾರ್ಥನಾ ಮಾಡಿದ್ರ ಸ್ವರ್ಗ ಅಂದ್ರ ಇದೆಂಥಾ ನ್ಯಾಯರೀ?” ಎಂದು ಕೇಳುವುದು ಸಹಜ. ಅವರೊಡನೆ ವಾದಕ್ಕೆ ಇಳಿಯುವ ಮೊದಲು ಒಪ್ಪಿಕೊಳ್ಳಬೇಕಾದ್ದನ್ನು ಒಪ್ಪಿಕೊಳ್ಳಿ. ಮತ್ತಾಯ 7:21ರಲ್ಲಿ ಯೇಸು ಹೇಳುವುದೂ ಅದನ್ನೇ: ಸ್ವಾಮೀ ಸ್ವಾಮೀ ಎನ್ನುವವರೆಲ್ಲ ಪರಲೋಕರಾಜ್ಯ ಸೇರುವುದಿಲ್ಲ, ತಂದೆಯ ಚಿತ್ತದಂತೆ ನಡೆಯುವವನೇ ಸೇರುವನು. ಆಮೇಲೆ ಮತ್ತಾಯ 20:1–16ರ ದ್ರಾಕ್ಷೆ ತೋಟದ ಕೂಲಿಯವರನ್ನು ತೋರಿಸಿ. ಸಂಜೆ ಐದಕ್ಕೆ ಬಂದವನಿಗೂ ಪೂರ್ತಿ ಪಗಾರ ಕೊಟ್ಟಾಗ ಬೆಳಗಿನಿಂದ ದುಡಿದವರು ಗೊಣಗಿದ್ದು ಇದೇ ನ್ಯಾಯದ ಪ್ರಶ್ನೆ ಎತ್ತಿ. ಆ ಆಕ್ಷೇಪ ಸತ್ಯವೇದದ ಒಳಗೇ ಇದೆ ಎಂದು ಗೊತ್ತಾದರೆ ಮಾತು ಜಗಳವಾಗುವುದಿಲ್ಲ.

ಕೂಟದಲ್ಲಿ ಕೂತವರ ಹಿನ್ನೆಲೆ

ಬಾಸೆಲ್ ಮಿಷನ್ನಿನವರು ಧಾರವಾಡದಲ್ಲಿ 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ, ಬೆಟಗೇರಿಯಲ್ಲಿ 1841ರಲ್ಲಿ ನೆಲೆ ಮಾಡಿದರು. ಆ ಸಭೆಗಳು ಇಂದು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಕರ್ನಾಟಕ ಉತ್ತರ ಸಭಾಪ್ರಾಂತದಲ್ಲಿವೆ. ಮಿಷನರಿಗಳಲ್ಲಿ ಬಹಳ ಮಂದಿ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಪಯಟಿಸ್ಟ್ ಭಕ್ತಿಯಲ್ಲಿ, ಅಂದರೆ ಮನಸ್ಸು ಬದುಕು ಎರಡೂ ಬದಲಾಗಬೇಕೆನ್ನುವ ಭಕ್ತಿಯಲ್ಲಿ, ಬೆಳೆದವರು. ನಂಬಿಕೆಯಿಂದಲೇ ರಕ್ಷಣೆ ಎಂದು ಪ್ರೊಟೆಸ್ಟಂಟ್ ಸುಧಾರಕ ಲೂಥರನಂತೆ ಹೇಳುತ್ತಿದ್ದರು. ಆದರೆ ಬದುಕು ಬದಲಾಗದ ನಂಬಿಕೆಯನ್ನು ನಂಬಿಕೆ ಎಂದು ಒಪ್ಪುತ್ತಿರಲಿಲ್ಲ. ಹಳೆಯ ಮನೆತನಗಳ ಅಜ್ಜಿಯರಲ್ಲಿ ಈ ಬಿಗಿ ಈಗಲೂ ಇದೆ.

ಕಥೋಲಿಕರು ಬೆಳಗಾವಿ ಧರ್ಮಪ್ರಾಂತಕ್ಕೆ ಸೇರಿದವರು. ಅದು ಸ್ಥಾಪನೆಯಾದದ್ದು 1953ರಲ್ಲಿ. ಅವರ ಬೋಧನೆಯಲ್ಲಿ ಮಾರಕ ಪಾಪ, ಲಘು ಪಾಪ ಎಂಬ ಭೇದ ಮುಖ್ಯ. ಮಾರಕ ಪಾಪ ಎನ್ನಲು ಮೂರು ಕೂಡಬೇಕು: ಸಂಗತಿ ಗಂಭೀರವಾಗಿರಬೇಕು, ಅದು ತಪ್ಪೆಂದು ಪೂರ್ತಿ ಗೊತ್ತಿರಬೇಕು, ಮನಸ್ಸು ಸ್ವಂತ ಇಚ್ಛೆಯಿಂದ ಒಪ್ಪಿರಬೇಕು. ಪಶ್ಚಾತ್ತಾಪವಿಲ್ಲದೆ ಆ ಸ್ಥಿತಿಯಲ್ಲೇ ಸತ್ತರೆ ಪರಲೋಕವಿಲ್ಲ. ಕ್ಷಮೆ ಪಡೆದು ಸತ್ತರೂ ಶುದ್ಧಿ ಬಾಕಿ ಇದ್ದವರಿಗೆ ಶುದ್ಧೀಕರಣ ಸ್ಥಳ. ಗಂಭೀರ ಪಾಪಗಳನ್ನು ವರ್ಷಕ್ಕೆ ಒಂದು ಸಲವಾದರೂ ಫಾದರ್ ಬಳಿ ನಿವೇದಿಸಬೇಕೆಂಬುದು ಅವರ ನಿಯಮ.

ಹೊಸ ಬಡಾವಣೆಗಳ ಪೆಂತೆಕೋಸ್ತ್ ಮತ್ತು ಸ್ವತಂತ್ರ ಸಭೆಗಳಲ್ಲಿ ಎರಡೂ ತುದಿ ಕಾಣಸಿಗುತ್ತವೆ. ಒಮ್ಮೆ ರಕ್ಷಣೆ ಹೊಂದಿದವನು ಎಂದೂ ಕಳೆದುಹೋಗನೆಂದು ಯೋಹಾನ 10:28–29 ತೋರಿಸುವವರು ಒಂದು ಕಡೆ. ಬಿದ್ದವನು ರಕ್ಷಣೆಯನ್ನೇ ಕಳಕೊಳ್ಳುತ್ತಾನೆಂದು ಇಬ್ರಿಯ 6 ಓದುವವರು ಇನ್ನೊಂದು ಕಡೆ. ಈ ಜಗಳ ನಮ್ಮೂರಿನದ್ದಲ್ಲ. 1618–19ರಲ್ಲಿ ನೆದರ್ಲ್ಯಾಂಡಿನ ಡಾರ್ಟ್ ಮಹಾಸಭೆಯಲ್ಲಿ ಕಾಲ್ವಿನ್ ಪಂಥದವರು, ಅರ್ಮಿನಿಯಸ್ಸನ ಕಡೆಯವರು ಇದೂ ಸೇರಿದಂತೆ ಕೆಲವು ವಿಷಯಗಳ ಮೇಲೆ ಬೇರೆಯಾದರು. ನಿಮ್ಮ ಕೂಟದಲ್ಲಿ ಅದನ್ನು ಒಂದು ಸಂಜೆಯಲ್ಲಿ ಬಗೆಹರಿಸುವ ಆಸೆ ಬಿಡಿ. ಎರಡೂ ಕಡೆಯವರು ಒಪ್ಪುವ ಒಂದು ಮಾತಿದೆ: ಪಾಪವನ್ನು ಬಿಡುವ ಮನಸ್ಸೇ ಇಲ್ಲದೆ, ಬಾಯಲ್ಲಿ ಮಾತ್ರ ವಿಶ್ವಾಸಿ ಎನ್ನುವವನಿಗೆ ನಿಶ್ಚಯ ಕೊಡಲು ಬರುವುದಿಲ್ಲ. ಮೊದಲ ಪಂಥ “ಅವನು ಮೊದಲೇ ನಂಬಿರಲಿಲ್ಲ” ಎನ್ನುತ್ತದೆ, ಎರಡನೆಯದು “ನಂಬಿದ್ದನ್ನು ಕಳಕೊಂಡ” ಎನ್ನುತ್ತದೆ. ಕಥೋಲಿಕರು ಮತ್ತು ಲೂಥರನ್ನರು 1999ರ ಅಕ್ಟೋಬರ್ 31ರಂದು ನೀತೀಕರಣದ ಬಗ್ಗೆ, ಅಂದರೆ ದೇವರು ಪಾಪಿಯನ್ನು ನೀತಿವಂತನೆಂದು ಅಂಗೀಕರಿಸುವುದರ ಬಗ್ಗೆ, ಜಂಟಿ ಹೇಳಿಕೆಗೆ ಸಹಿ ಹಾಕಿದರು. 2006ರಲ್ಲಿ ಮೆಥೊಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳು ಅದಕ್ಕೆ ಕೂಡಿಕೊಂಡವು. ಕೃಪೆಯಿಂದಲೇ ಅಂಗೀಕಾರ, ಆ ಕೃಪೆಯೇ ಒಳ್ಳೆಯ ಕೆಲಸಕ್ಕೆ ಶಕ್ತಿ ಕೊಡುತ್ತದೆ ಎಂಬುದು ಅದರ ತಿರುಳು. ಮಿಶ್ರ ಕೂಟದಲ್ಲಿ ಇಷ್ಟು ನೆನಪಿಟ್ಟರೆ ಸಾಕು.

ತೊಂಬತ್ತು ನಿಮಿಷದ ಅಧ್ಯಯನ

ಎಂಟರಿಂದ ಹದಿನೈದು ಜನ ಸರಿಯಾದ ಸಂಖ್ಯೆ. ಅದಕ್ಕಿಂತ ಹೆಚ್ಚಾದರೆ ಇಬ್ಬರೇ ಮಾತಾಡುತ್ತಾರೆ, ಮಿಕ್ಕವರು ತಲೆ ಆಡಿಸುತ್ತಾರೆ. ಸತ್ಯವೇದ ಎಲ್ಲರ ಕೈಯಲ್ಲಿರಲಿ. ಊರಿನ ಯಾರ ಹೆಸರನ್ನೂ ಎತ್ತಬಾರದೆಂದು ಆರಂಭದಲ್ಲೇ ಹೇಳಿಬಿಡಿ; “ಹೆಸರು ಹೇಳಂಗಿಲ್ಲ, ಆದ್ರ ನಿಮಗ ಗೊತ್ತಾಗ್ತದ” ಎಂಬ ಮಾತಿಗೂ ಇದೇ ನಿಯಮ.

ಮೊದಲ ಇಪ್ಪತ್ತು ನಿಮಿಷ ಎರಡು ಭಾಗಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಓದಿ: ಲೂಕ 23:39–43, ಆಮೇಲೆ ಮತ್ತಾಯ 7:21–23. ಒಂದರಲ್ಲಿ ಏನೂ ಒಳ್ಳೆಯದು ಮಾಡಲು ಸಮಯವೇ ಇಲ್ಲದ ಕಳ್ಳನಿಗೆ ಅದೇ ದಿನ ಪರದೈಸು ಸಿಗುತ್ತದೆ. ಇನ್ನೊಂದರಲ್ಲಿ ಯೇಸುವಿನ ಹೆಸರಿನಲ್ಲಿ ಪ್ರವಾದನೆ ಹೇಳಿದವರು, ದೆವ್ವ ಬಿಡಿಸಿದವರು ಹೊರಗೆ ನಿಲ್ಲುತ್ತಾರೆ. ಒಂದನ್ನೇ ಓದಿದರೆ ಕೂಟ ಒಂದು ಕಡೆಗೆ ವಾಲುತ್ತದೆ, ಆದ್ದರಿಂದ ಎರಡನ್ನೂ ಬಿಡಬೇಡಿ. ಕಳ್ಳನ ಮಾತಿನಲ್ಲಿ ಏನೇನಿದೆ ಎಂದು ಎಲ್ಲರಿಂದ ಹೇಳಿಸಿ. ದೇವರ ಭಯವಿಲ್ಲವೇ ಎಂದು ಜೊತೆಗಾರನನ್ನು ಗದರಿಸುತ್ತಾನೆ. ನಮಗೆ ಬಂದ ಶಿಕ್ಷೆ ನ್ಯಾಯವಾದದ್ದೇ ಎನ್ನುತ್ತಾನೆ. ಯೇಸು ತಪ್ಪಿಲ್ಲದವನು ಎನ್ನುತ್ತಾನೆ. ಕೊನೆಗೆ ನನ್ನನ್ನು ನೆನಪು ಮಾಡಿಕೋ ಎಂದಷ್ಟೇ ಕೇಳುತ್ತಾನೆ. ಶಿಲುಬೆಯಿಂದ ಇಳಿಸೆಂದು ಕೇಳಿದವನು ಇನ್ನೊಬ್ಬ. ಕಳ್ಳನ ಉದಾಹರಣೆ ಹಿಡಿದು “ಕಡೀಕ ನೋಡೋಣ” ಎನ್ನುವವರಿಗೆ ಆ ಇನ್ನೊಬ್ಬನ ಕೊನೆಗಳಿಗೆಯೂ ಅದೇ ಗುಡ್ಡದ ಮೇಲೆ ಕಳೆಯಿತೆಂದು ತೋರಿಸಿ.

ಮುಂದಿನ ಇಪ್ಪತ್ತು ನಿಮಿಷ 1 ಕೊರಿಂಥ 6:9–11 ಮತ್ತು ಗಲಾತ್ಯ 5:19–21. ದೇವರ ರಾಜ್ಯಕ್ಕೆ ಬಾಧ್ಯರಾಗದವರ ಪಟ್ಟಿಗಳಿವು. ಇಲ್ಲಿ ತಪ್ಪದೆ ಆಗುವ ಎಡವಟ್ಟೆಂದರೆ, ಓದುವವರ ದನಿ ಜಾರತನದ ಹತ್ತಿರ ಏರುತ್ತದೆ, ಲೋಭ, ಬೈಗುಳ, ಕುಡಿತದ ಹತ್ತಿರ ಇಳಿಯುತ್ತದೆ. ಪಟ್ಟಿಯ ಒಂದೊಂದು ಪದವನ್ನೂ ಒಬ್ಬೊಬ್ಬರ ಬಾಯಿಂದ ಓದಿಸಿದರೆ ಇದು ತಪ್ಪುತ್ತದೆ. ಗಲಾತ್ಯದ ಪಟ್ಟಿಯಲ್ಲಿ ಹೊಟ್ಟೆಕಿಚ್ಚು, ಜಗಳ, ಪಂಗಡ ಕಟ್ಟುವುದೂ ಇವೆ. ಸಭಾ ಕಮಿಟಿ ಚುನಾವಣೆಯ ಹಿಂದಿನ ವಾರ ಇದನ್ನು ಓದಲು ಧೈರ್ಯ ಬೇಕು. 1 ಕೊರಿಂಥ 6:11ನ್ನು ಬಿಡದೆ ಓದಿ: ನಿಮ್ಮಲ್ಲಿ ಕೆಲವರು ಅಂಥವರಾಗಿದ್ದಿರಿ, ಆದರೆ ತೊಳಕೊಂಡಿರಿ ಎನ್ನುತ್ತಾನೆ ಪೌಲ. ಪಟ್ಟಿಯ ಜನ ಸಭೆಯ ಹೊರಗಿನವರಲ್ಲ, ಅಲ್ಲೇ ಕೂತು ಪತ್ರ ಕೇಳುತ್ತಿದ್ದವರು.

ಎಫೆಸ 2:8–9ನ್ನು ಬಾಯಿಪಾಠ ಹೇಳುವವರು ಬಹಳ. 10ನೇ ವಚನಕ್ಕೆ ಬಂದಾಗ ಬಾಯಿ ಮುಚ್ಚುತ್ತದೆ. ಕ್ರಿಯೆಗಳಿಂದ ಅಲ್ಲ ಎಂದ ಉಸಿರಿನಲ್ಲೇ ಸತ್ಕ್ರಿಯೆಗಳಿಗಾಗಿ ಸೃಷ್ಟಿಸಲ್ಪಟ್ಟವರು ಎಂದಿದೆ. ರೋಮಾಪುರ 3:28ಕ್ಕೂ ಯಾಕೋಬ 2:14–26ಕ್ಕೂ ಜಗಳ ಹಚ್ಚುವವರು ಒಬ್ಬರಾದರೂ ಇರುತ್ತಾರೆ. ಐದು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ಮೋಶೆಯ ನ್ಯಾಯಪ್ರಮಾಣದ ಆಚರಣೆಯಿಂದ ದೇವರ ಮುಂದೆ ನಿಲ್ಲಬಹುದೆನ್ನುವವನಿಗೆ ಪೌಲ ಉತ್ತರ ಕೊಡುತ್ತಿದ್ದಾನೆ. ಬಟ್ಟೆಯಿಲ್ಲದ ಸಹೋದರನಿಗೆ “ಬೆಚ್ಚಗಿರಪ್ಪಾ” ಎಂದು ಹೇಳಿ ಕಳಿಸುವವನಿಗೆ ಯಾಕೋಬ ಉತ್ತರ ಕೊಡುತ್ತಿದ್ದಾನೆ. ಕೇಳುಗರು ಬೇರೆ, ಕಾಯಿಲೆ ಬೇರೆ.

ಉಳಿದ ಹೊತ್ತೆಲ್ಲ ಲೂಕ 19:1–10ಕ್ಕೆ, ಅಂದರೆ ಸುಂಕದವರ ಮುಖ್ಯಸ್ಥ ಜಕ್ಕಾಯನಿಗೆ. ಮಿಕ್ಕದ್ದನ್ನು ಕತ್ತರಿಸಿದರೂ ಇದನ್ನು ಕತ್ತರಿಸಬಾರದು. ಕ್ರಮ ನೋಡಿ: ಯೇಸು ಮೊದಲು ಅವನ ಮನೆಗೆ ಹೋಗುತ್ತಾನೆ, ಲೆಕ್ಕ ಚುಕ್ತಾ ಆದ ಮೇಲೆ ಬರುತ್ತೇನೆ ಎನ್ನುವುದಿಲ್ಲ. ಜಕ್ಕಾಯ ಎದ್ದು ನಿಂತು ಆಸ್ತಿಯ ಅರ್ಧ ಬಡವರಿಗೆ, ಅನ್ಯಾಯದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಎಂದು ಎಲ್ಲರೆದುರು ಹೇಳುತ್ತಾನೆ. ಆಗ, ಈ ಹೊತ್ತು ಈ ಮನೆಗೆ ರಕ್ಷಣೆಯಾಯಿತು ಎಂಬ ಮಾತು ಬರುತ್ತದೆ. ಕೃಪೆ ಮೊದಲು, ವಾಪಸು ಕೊಡುವುದು ಅದರ ಹಿಂದೆಯೇ, ಅದೇ ದಿನ.

ಇದರ ಪಕ್ಕದಲ್ಲಿ ಯೇಸುವನ್ನು ಹಿಡಿದುಕೊಟ್ಟ ಇಸ್ಕರಿಯೋತ ಯೂದನನ್ನು ಇಟ್ಟು ನೋಡಿ (ಮತ್ತಾಯ 27:3–5). ಅವನೂ ತಪ್ಪೊಪ್ಪಿಕೊಂಡ, ಮೂವತ್ತು ಬೆಳ್ಳಿ ನಾಣ್ಯ ಹಿಂದಕ್ಕೂ ಕೊಟ್ಟ. ಆದರೆ ಮಹಾಯಾಜಕರ ಬಳಿಗೆ ಹೋದ, ಯೇಸುವಿನ ಬಳಿಗೆ ಬರಲಿಲ್ಲ. ಮೂರು ಸಲ ಅಲ್ಲಗಳೆದ ಪೇತ್ರ ಅತ್ತ, ಉಳಿದ, ಮತ್ತೆ ಎದುರಿಗೆ ಬಂದ. ಹಣ ಹಿಂದಿರುಗಿಸಿದ್ದೇ ರಕ್ಷಣೆಯಲ್ಲವೆಂದು ಹೇಳಲು ಇದಕ್ಕಿಂತ ಚೊಕ್ಕ ಜೋಡಿಯಿಲ್ಲ. ಯೂದನ ಸಾವಿನ ರೀತಿಯ ಮೇಲೆ ಮಾತ್ರ ಮಾತು ಬೆಳೆಸಬೇಡಿ. ಆತ್ಮಹತ್ಯೆ ಮಾಡಿಕೊಂಡವರಿಗೆ ನರಕವೇ ಎಂದು ಯಾರಾದರೂ ಸಾರಿಬಿಟ್ಟರೆ, ಕೂಟದಲ್ಲಿ ಕೂತಿರುವ ಯಾವುದೋ ತಾಯಿ ಮುಂದೆಂದೂ ಬರುವುದಿಲ್ಲ. ಕಥೋಲಿಕ ಧರ್ಮೋಪದೇಶವೂ ಅಂಥವರ ರಕ್ಷಣೆಯ ಬಗ್ಗೆ ನಿರೀಕ್ಷೆ ಬಿಡಬಾರದೆಂದೇ ಹೇಳುತ್ತದೆ.

ಯಾರಾದರೂ ಹೆದರಿದ ದನಿಯಲ್ಲಿ ಇಬ್ರಿಯ 6:4–6 ಅಥವಾ ಕ್ಷಮೆಯಿಲ್ಲದ ಪಾಪದ ಮಾತೆತ್ತಿದರೆ ಮಾರ್ಕ 3:28–30 ಮೂರೂ ವಚನ ಓದಿ. ಕಣ್ಣೆದುರಿನ ದೇವರ ಕೆಲಸವನ್ನು ಅಶುದ್ಧಾತ್ಮದ್ದೆಂದು ಕರೆದವರಿಗೆ ಬಂದ ಮಾತದು. 30ನೇ ವಚನ ಅದನ್ನೇ ಬಿಡಿಸಿ ಹೇಳುತ್ತದೆ. ಕ್ಷಮೆ ಬೇಕೆಂದು ಅಳುವವರು ಆ ಗುಂಪಿನವರಲ್ಲ. ಪಾಪ ಒಪ್ಪಿಕೊಂಡವರನ್ನು ದೇವರು ಕ್ಷಮಿಸುತ್ತಾನೆನ್ನುವ 1 ಯೋಹಾನ 1:9 ಅವರಿಗೆ.

ವಾಪಸು ಕೊಡುವ ಲೆಕ್ಕ

ಅಧ್ಯಯನ ಸರಿಯಾಗಿ ನಡೆದರೆ ವಾರದೊಳಗೆ ಒಬ್ಬರಾದರೂ ಬಂದು ಕದ ತಟ್ಟುತ್ತಾರೆ. ಆಗ ಬರೀ ಪ್ರಾರ್ಥನೆ ಮಾಡಿ ಕಳಿಸಬೇಡಿ. ಒಂದು ಹಾಳೆ ತೆಗೆದುಕೊಳ್ಳಿ. ಯಾರಿಂದ, ಎಷ್ಟು, ಯಾವಾಗ ಎಂದು ಅವರ ಕೈಯಿಂದಲೇ ಬರೆಸಿ. ಆ ಹಾಳೆ ಅವರ ಬಳಿಯೇ ಇರಲಿ, ನೀವು ಇಟ್ಟುಕೊಳ್ಳಬೇಡಿ.

ಯಾಜಕಕಾಂಡ 6:1–7ರ ಪ್ರಕಾರ ಮೋಸದಿಂದ ಪಡೆದದ್ದನ್ನು ಅಸಲಿನೊಡನೆ ಐದರಲ್ಲೊಂದು ಪಾಲು ಸೇರಿಸಿ ಕೊಡಬೇಕು. ಚೀಟಿಯಲ್ಲಿ ₹12,000 ನುಂಗಿದ್ದರೆ ಮೇಲೆ ₹2,400, ಒಟ್ಟು ₹14,400. ಜಕ್ಕಾಯನ ನಾಲ್ಕರಷ್ಟು ಲೆಕ್ಕ ಹಿಡಿದರೆ ₹48,000. ಕದ್ದ ಕುರಿಯನ್ನು ಕೊಯ್ದವನಿಗೋ ಮಾರಿದವನಿಗೋ ವಿಮೋಚನಕಾಂಡ 22:1 ಹಾಕಿದ ದಂಡ ಅದು. ಊರೀಯನ ಹೆಂಡತಿಯನ್ನು ಕಿತ್ತುಕೊಂಡ ದಾವೀದ, ಪ್ರವಾದಿ ನಾತಾನನು ಹೇಳಿದ ಕಥೆಯಲ್ಲಿ ಬಡವನಿಂದ ಕಿತ್ತುಕೊಂಡ ಕುರಿಮರಿಗೆ ತನ್ನ ಬಾಯಿಂದಲೇ ವಿಧಿಸಿದ್ದೂ ಅದನ್ನೇ (2 ಸಮುವೇಲ 12:6). ಕ್ರೈಸ್ತನಿಗೆ ಇದು ಕಾನೂನಲ್ಲ. ಆದರೂ ಅಸಲಿಗಿಂತ ಕಡಿಮೆ ಕೊಟ್ಟು ಕೈತೊಳೆದುಕೊಳ್ಳಲು ನೋಡುವವರಿಗೆ ಐದರಲ್ಲೊಂದು ಒಳ್ಳೆಯ ಅಳತೆಗೋಲು. ಬ್ಯಾಡಗಿಯ ಮೆಣಸಿನಕಾಯಿ ತೂಕದಲ್ಲಿ ಕ್ವಿಂಟಲ್ಲಿಗೆ ಒಂದೆರಡು ಕಿಲೋ ಹೊಡೆದವನಿಗೆ ರೈತರ ಹೆಸರೇ ನೆನಪಿರದು. ಹಳೆಯ ಪಾವತಿ ಪುಸ್ತಕ ಇದ್ದರೆ ಅದರಿಂದ ಶುರುಮಾಡಿ, ನೆನಪಿರುವವರಿಗೆ ಮೊದಲು ಕೊಡಲಿ. ಕೊಡಬೇಕಾದವರು ತೀರಿಕೊಂಡಿದ್ದರೆ ವಾರಸುದಾರರಿಗೆ. ಅವರೂ ಇಲ್ಲದಿದ್ದರೆ ದೇವರ ಕೆಲಸಕ್ಕೆ. ಅರಣ್ಯಕಾಂಡ 5:8ರ ಕ್ರಮವೂ ಅದೇ.

ಇಲ್ಲಿ ಕೆಡುವುದು ಹೀಗೆ: ಮೋಸ ಹೋದ ಮನುಷ್ಯ ಕಣ್ಣೆದುರಿಗೆ ಇದ್ದಾನೆ, ಅವನನ್ನು ಬಿಟ್ಟು ಹಣವನ್ನು ಕಾಣಿಕೆ ಚೀಲಕ್ಕೆ ಹಾಕುತ್ತಾರೆ, ಇಲ್ಲವೇ ದೇವಾಲಯಕ್ಕೆ ಫ್ಯಾನು ಕೊಡಿಸುತ್ತಾರೆ. ಕಾಣಿಕೆಗೂ ಮುಂಚೆ ಸಹೋದರನೊಡನೆ ಸಮಾಧಾನವಾಗು ಎನ್ನುವ ಮತ್ತಾಯ 5:23–24 ಓದಿ ಆ ಕಾಣಿಕೆಯನ್ನು ನಯವಾಗಿ ತಿರುಗಿಸಿ. ಒಂದೇ ಸಲಕ್ಕೆ ಆಗದಿದ್ದರೆ ತಿಂಗಳ ಕಂತು ಗೊತ್ತುಮಾಡಿ; ಬ್ಯಾಂಕ್ ಖಾತೆಗೆ ಹಾಕಿದರೆ ದಾಖಲೆ ಉಳಿಯುತ್ತದೆ, ಕೈಗೆ ಕೊಟ್ಟರೆ ರಸೀದಿ ಬೇಕು. ಕೊಡುವಾಗ “ನೀನೂ ಕ್ಷಮಿಸಬೇಕು” ಎಂಬ ಶರತ್ತು ಹಾಕುವಂತಿಲ್ಲ. ಕಥೋಲಿಕರಲ್ಲಿ ನಿವೇದನೆಯ ಗುಟ್ಟನ್ನು ಫಾದರ್ ಯಾರಿಗೂ ಬಿಡುವಂತಿಲ್ಲ. ಆದರೆ ಪಾಪವಿಮೋಚನೆ ಸಿಕ್ಕಿತೆಂದು ಸಾಲ ಮಾಫಿಯಾಗುವುದಿಲ್ಲ; ಕದ್ದದ್ದನ್ನು ಹಿಂದಿರುಗಿಸುವ ಹೊಣೆ ಉಳಿದೇ ಇರುತ್ತದೆಂದು ಅವರ ಧರ್ಮೋಪದೇಶ ಸ್ಪಷ್ಟವಾಗಿ ಹೇಳುತ್ತದೆ.

ಸಭೆಯೊಳಗೆ ಮುಗಿಸಬಾರದ್ದು

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ವಿಷಯ ಕಿವಿಗೆ ಬಿದ್ದರೆ ಮತ್ತಾಯ 18ರ ಮೆಟ್ಟಿಲು (ಮೊದಲು ಒಬ್ಬರೇ, ಆಮೇಲೆ ಇಬ್ಬರು ಮೂವರು, ಆಮೇಲೆ ಸಭೆ) ಹತ್ತುತ್ತ ಕೂಡಬೇಡಿ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನಂತೆ ಗೊತ್ತಾದ ಯಾರೇ ಆಗಲಿ ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನಡಿ ಆರು ತಿಂಗಳವರೆಗೆ ಸಜೆಯಾಗಬಹುದು. ಕೈಕೆಳಗಿನವನ ಅಪರಾಧ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ. ಮಕ್ಕಳ ಸಹಾಯವಾಣಿ 1098, ಮಹಿಳೆಯರದ್ದು 181, ತುರ್ತಿಗೆ 112. “ಅಂವಾ ಪಶ್ಚಾತ್ತಾಪ ಪಟ್ಟಾನ, ಸಭಿ ಮರ್ಯಾದಿ ಹೋಗ್ತದ” ಎನ್ನುವ ಹಿರಿಯರು ಸಿಗುತ್ತಾರೆ. ನಮಗೆ ಬಂದ ಶಿಕ್ಷೆ ನ್ಯಾಯವಾದದ್ದು ಎಂದ ಕಳ್ಳನನ್ನು ಅವರಿಗೆ ನೆನಪಿಸಿ: ಅವನಿಗೆ ಪರದೈಸು ಸಿಕ್ಕಿತು, ಶಿಲುಬೆಯಿಂದ ಇಳಿಸಲಿಲ್ಲ. ಪೆಟ್ಟು ತಿಂದವರನ್ನು ಕೂಟದ ನಡುವೆ ನಿಲ್ಲಿಸಿ ಕ್ಷಮಿಸಿದೆ ಎಂದು ಹೇಳಿಸುವುದಂತೂ ಎಂದಿಗೂ ಬೇಡ.

ಶಿಸ್ತು, ಮರಳಿ ಸೇರಿಸುವುದು

ಉಳಿದ ಜಗಳ, ಚಾಡಿ, ಸಾಲ, ಕುಡಿತದಂಥ ವಿಷಯಗಳಿಗೆ ಮತ್ತಾಯ 18:15–17 ಸರಿ. ಮೊದಲು ಒಬ್ಬರೇ ಹೋಗಿ ಮಾತಾಡಿ, ಆಮೇಲೆ ಇಬ್ಬರು ಮೂವರು, ಆಮೇಲೆ ಸಭೆ. ಮೊದಲ ಮೆಟ್ಟಿಲನ್ನು ವಾಟ್ಸಾಪ್ ಗುಂಪಿನಲ್ಲಿ ಹತ್ತಿದರೆ ಮುಂದಿನವು ಮುರಿದವೆಂದೇ ತಿಳಿಯಿರಿ. ಕರ್ತನ ಭೋಜನದಿಂದ ದೂರ ಇಡುವ ನಿರ್ಧಾರವಾದರೆ ಅಯ್ಯನವರ (ಸಭಾಪಾಲಕರ) ಮೂಲಕವೇ ಆಗಲಿ. ಕಾರಣ ಏನು, ಮತ್ತೆ ಯಾವಾಗ ನೋಡುತ್ತೇವೆ ಎಂದು ಆ ವ್ಯಕ್ತಿಗೆ ಮುಖಾಮುಖಿ ಹೇಳಬೇಕು. ತಾರೀಖಿಲ್ಲದ ಶಿಸ್ತು ಬಹಿಷ್ಕಾರವಾಗುತ್ತದೆ. 1 ಕೊರಿಂಥ 5ರಲ್ಲಿ ಒಬ್ಬನನ್ನು ಹೊರಹಾಕಿ ಎಂದ ಪೌಲನೇ 2 ಕೊರಿಂಥ 2:6–8ರಲ್ಲಿ, ಆದ ಶಿಕ್ಷೆ ಸಾಕು, ದುಃಖದಲ್ಲಿ ಮುಳುಗಿಹೋಗದಂತೆ ಸಂತೈಸಿರಿ ಎಂದು ಬರೆಯುತ್ತಾನೆ. ಮೊದಲ ಪತ್ರ ಓದಿ ಎರಡನೆಯದನ್ನು ಮರೆಯುವುದು ನಮ್ಮ ಸಭೆಗಳ ಹಳೆಯ ಚಾಳಿ. ಮರಳಿ ಬಂದವನಿಗೆ ಮೊದಲ ದಿನವೇ ಖಜಾಂಚಿ ಕೆಲಸ ಕೊಡಬೇಕಿಲ್ಲ. ಪಕ್ಕದಲ್ಲಿ ಕೂಡಲು ಜಾಗ ಕೊಟ್ಟರೆ ಆಯಿತು.

ಮಣ್ಣಿನ ದಿನ

ಊರಿಗೆಲ್ಲ ಗೊತ್ತಿದ್ದ ಮೋಸಗಾರ ತೀರಿಕೊಂಡಾಗ ಪ್ರಸಂಗ ಹೇಳುವವರ ಕಷ್ಟ ಯಾರಿಗೂ ಬೇಡ. ಹತ್ತು ನಿಮಿಷ ಮೀರಬೇಡಿ. ಮಾಡದ ಒಳ್ಳೆಯತನವನ್ನು ಹೊಗಳಬೇಡಿ, ಏಕೆಂದರೆ ಹಣ ಕಳಕೊಂಡವರು ಹಿಂದಿನ ಸಾಲಿನಲ್ಲೇ ನಿಂತಿರುತ್ತಾರೆ. ಅವನು ಈಗ ಎಲ್ಲಿದ್ದಾನೆಂದು ಯಾವ ಕಡೆಗೂ ಹೇಳಬೇಡಿ. ಕೊನೆಗಳಿಗೆಯಲ್ಲಿ ದೇವರಿಗೂ ಅವನಿಗೂ ನಡುವೆ ನಡೆದ ಮಾತು ನಮ್ಮ ಕಿವಿಗೆ ಬಿದ್ದಿಲ್ಲ. ಕೀರ್ತನೆ 130 ಇಡೀ ಓದಿ. ಎರಡು ವಾರ ಬಿಟ್ಟು ಮನೆಗೆ ಹೋದಾಗ, ಅಪ್ಪ ಬಿಟ್ಟುಹೋದ ಬಾಕಿಯ ಮಾತನ್ನು ದೊಡ್ಡ ಮಗನ ಬಳಿ ಒಬ್ಬನೇ ಇದ್ದಾಗ ತೆಗೆಯಿರಿ, ತಾಯಿಯ ಎದುರಿಗೆ ಬೇಡ. ಅವನು ಕೇಳಿದರೆ ಐದರಲ್ಲೊಂದರ ಲೆಕ್ಕ ಹೇಳಿ. ಕೇಳದಿದ್ದರೆ ಅಸಲು ಯಾರ್ಯಾರಿಗೆ ಎಷ್ಟು ಸೇರಬೇಕೆಂಬ ಪಟ್ಟಿ ಮಾಡಲು ಜೊತೆಗೆ ಕೂತುಕೊಳ್ಳಿ.